ಮೂರು ವರ್ಷದ ಮಗುವಿಗೆ ಇಂಗ್ಲಿಷ್ ಚಿತ್ರಪುಸ್ತಕ ಓದಿ ಹೇಳುವುದು ಹೇಗೆ?

ಓದಲೇಬೇಡಿ. ಚಿತ್ರ ತೋರಿಸಿ, ಮನೆಮಾತಲ್ಲೇ ಕಥೆ ಹೇಳಿ. ಮೈಸೂರಿನ ನಮ್ಮ ಮನೆಯಲ್ಲಿ ಮಾಡಿದ್ದು ಇದನ್ನೇ.

ಎರಿಕ್ ಕಾರ್ಲ್ ಅವರ 'ದಿ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್' (1969) ಇದೆಯಲ್ಲ, ಅದರಲ್ಲಿ ಕಂಬಳಿಹುಳ ಸೋಮವಾರ ಒಂದು ಸೇಬು ತಿನ್ನುತ್ತದೆ, ಬುಧವಾರ ಮೂರು ಪ್ಲಮ್, ಶುಕ್ರವಾರ ಐದು ಕಿತ್ತಳೆ. ತಿಂದ ಕಡೆ ಹಾಳೆಯಲ್ಲಿ ನಿಜವಾಗಿಯೂ ತೂತಿದೆ. ಮಗಳು ಅದರೊಳಗೆ ಕಿರುಬೆರಳು ತೂರಿಸಿ "ಹುಳ ಬಂತು!" ಅಂತ ಕೂಗುತ್ತಿದ್ದಳು. ವಾರದ ಹೆಸರು, ಎಣಿಕೆ ಎರಡೂ ಸುಮ್ನೆ ಬಂದವು. ಪ್ಲಮ್ ಅಂದರೇನು ಅಂತ ಕೇಳಿದಾಗ ದೇವರಾಜ ಮಾರುಕಟ್ಟೆಗೆ ಕರೆದುಕೊಂಡು ಹೋದೆವು. ಅವತ್ತು ಪ್ಲಮ್ ಸಿಗಲಿಲ್ಲ, ನೇರಳೆಹಣ್ಣು ತಂದೆವು. ಅಂದಿನಿಂದ ನಮ್ಮ ಹುಳ ಬುಧವಾರ ನೇರಳೆಯನ್ನೇ ತಿನ್ನುತ್ತದೆ.

ಕನ್ನಡದ್ದೇ ಬೇಕಾದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಆದರೆ ಫೋನಿನಲ್ಲಿ ತೋರಿಸಿದರೆ ಮಗುವಿನ ಬೆರಳು ಯೂಟ್ಯೂಬ್ ಕಡೆಗೇ ಹೋಗುತ್ತದೆ, ಅಲ್ವಾ? ನಾವು ಪ್ರಿಂಟ್ ತೆಗೆದು, ದಾರದಲ್ಲಿ ಹೊಲಿದು ಇಟ್ಟುಕೊಂಡೆವು.

ಒಂದೇ ಪುಸ್ತಕವನ್ನು ಇಪ್ಪತ್ತು ಸಲ ಕೇಳಿದರೂ ಬೇಜಾರಾಗಬೇಡಿ. ಇಪ್ಪತ್ತೊಂದನೇ ಸಲ ಬೇಕಂತಲೇ ತಪ್ಪು ಹೇಳಿ. ಬುಧವಾರದ ಬದಲು ಭಾನುವಾರ ಅನ್ನಿ. ಮಗು ನಿಮ್ಮನ್ನು ಬಿಡುವುದಿಲ್ಲ!