ಕ್ರಿಸ್ಮಸ್ ಊಟದ ಸಿಹಿ: ಕುಸ್ವಾರ್ ಜೊತೆ ಇನ್ನೇನು?

ಮಂಗಳೂರಿನ ಮನೆಗೆ 14 ಮಂದಿ ಬರುತ್ತಾರೆ, ನಾಲ್ಕೇ ದಿನ ಉಳಿದಿದೆ, ಅಜ್ಜಿಗೆ ಗಟ್ಟಿ ತಿಂಡಿ ಅಗಿಯಲಾಗದು, ಕ್ರಿಸ್ಮಸ್ ಊಟಕ್ಕೆ ಯಾವ ಸಿಹಿ ಮಾಡಲಿ ಎಂದು ಕೇಳಿ ಬರೆದಿದ್ದೀರಿ. ಕುಸ್ವಾರಿನ, ಅಂದರೆ ಕರಾವಳಿ ಕ್ರೈಸ್ತರು ಕ್ರಿಸ್ಮಸ್‌ಗೆ ಮಾಡುವ ಬಗೆಬಗೆಯ ತಿಂಡಿಗಳ, ಕಿಡಿಯೊ, ನೆವ್ರಿ, ಗುಳಿಯೊಗಳು ಹಬ್ಬದ ತಟ್ಟೆಗೆ ಬೇಕೇ ಬೇಕು. ಆದರೆ ಸಣ್ಣಾ (ಹಬೆಯಲ್ಲಿ ಬೇಯಿಸಿದ, ಇಡ್ಲಿಯಂಥ ಅಕ್ಕಿಯ ತಿಂಡಿ) ಮತ್ತು ಹಂದಿ ಮಾಂಸದ ಭಾರವಾದ ಊಟದ ನಂತರ ಕರಿದ ತಿಂಡಿಯನ್ನು ಯಾರೂ ಮನಸಾರೆ ತಿನ್ನುವುದಿಲ್ಲವಾದ್ದರಿಂದ, ಅವನ್ನು ಸಂಜೆಯ ಚಹಾಕ್ಕೆ ಮೀಸಲಿಡುವುದು ಒಳ್ಳೆಯದು.

ಊಟದ ಕೊನೆಗೆ ನನ್ನ ಆಯ್ಕೆ ಕ್ಯಾರಮೆಲ್ ಪುಡ್ಡಿಂಗ್. 1 ಲೀಟರ್ ಹಾಲಿಗೆ 7-8 ಮೊಟ್ಟೆ ಸಾಕು. ಸಣ್ಣ ಉರಿಯ ಹಬೆಯಲ್ಲಿ ಬೇಯಿಸಬೇಕು, ಏಕೆಂದರೆ ನೀರು ಕೊತಕೊತ ಕುದಿದರೆ ಪುಡ್ಡಿಂಗಿನೊಳಗೆ ತೂತುಗಳಾಗಿ ನೀರು ಬಿಟ್ಟುಕೊಳ್ಳುತ್ತದೆ. ಹಿಂದಿನ ದಿನವೇ ಮಾಡಿ ಫ್ರಿಜ್ಜಿನಲ್ಲಿಟ್ಟರೆ ಅಜ್ಜಿಗೂ ಮಕ್ಕಳಿಗೂ ಹಿತ. ಜೊತೆಗೆ ರವೆ ಮತ್ತು ತೆಂಗಿನಕಾಯಿಯ ಬಾತ್ ಕೇಕ್ ಇರಲಿ. ರವೆ ಚೆನ್ನಾಗಿ ನೆನೆಯಲು ಹಿಟ್ಟನ್ನು ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಓವನ್ನಿಗಿಡಿ.

ಪ್ಲಮ್ ಕೇಕಿಗೆ ಹಣ್ಣುಗಳನ್ನು ವಾರಗಟ್ಟಲೆ ರಮ್ಮಿನಲ್ಲಿ ನೆನೆಸುವ ಸಮಯ ಈಗಿಲ್ಲ. ಒಣದ್ರಾಕ್ಷಿ, ಖರ್ಜೂರಗಳನ್ನು ಕಿತ್ತಳೆ ರಸದಲ್ಲಿ ಹತ್ತು ನಿಮಿಷ ಕುದಿಸಿ ಆರಿಸಿ ಬಳಸಬಹುದು, ಇಲ್ಲವೇ ಸಂಕೋಚಪಡದೆ ಬೇಕರಿಯಿಂದ ತರಿಸಿ (ನಾವಂತೂ ತರಿಸುತ್ತೇವೆ). ತೆಂಗಿನ ಹಾಲು, ಬೆಲ್ಲದ ಹಲ್ವದಂಥ ದೋದೊಲ್ ಮಾತ್ರ ಈ ಸಲ ಬೇಡ. ಅದನ್ನು ಗಂಟೆಗಟ್ಟಲೆ ಕೈಬಿಡದೆ ಮಗುಚುತ್ತಾ ನಿಲ್ಲಲು ನಿಮ್ಮ ಮನೆಯಲ್ಲಿ ಯಾರಿಗೆ ಪುರುಸೊತ್ತಿದೆ?