ಬಿಲ್ ಶೂನ್ಯ ಬರುವ ಮನೆಗೂ ಸ್ಟಾರ್ ಫ್ಯಾನ್ ಬೇಕೇ?

ಪ್ರಶ್ನೆ: ನಮ್ಮ ಮನೆಯ ಮೂರು ಹಳೆಯ ಸೀಲಿಂಗ್ ಫ್ಯಾನ್‌ಗಳನ್ನು ಬದಲಿಸಬೇಕಾಗಿದೆ. ಅಂಗಡಿಯವರು ಐದು ಸ್ಟಾರ್‌ನ ಬಿಎಲ್‌ಡಿಸಿ (ಕಡಿಮೆ ವಿದ್ಯುತ್ ಬಳಸುವ, ಬ್ರಷ್ ಇಲ್ಲದ ಡಿಸಿ ಮೋಟಾರಿನ) ಫ್ಯಾನ್ ತೆಗೆದುಕೊಳ್ಳಿ ಎನ್ನುತ್ತಾರೆ. ಸಾಮಾನ್ಯ ಫ್ಯಾನಿನ ಬೆಲೆಗಿಂತ ಒಂದೊಂದಕ್ಕೂ ಸಾವಿರಕ್ಕೂ ಮೀರಿದ ಹೆಚ್ಚುವರಿ ಹಣ ಕೊಡಬೇಕು. ಗೃಹಜ್ಯೋತಿಯಿಂದಾಗಿ ಬೇಸಿಗೆಯಲ್ಲಿ ಬಿಟ್ಟರೆ ನಮಗೆ ಬಿಲ್ಲೇ ಬರುವುದಿಲ್ಲ. ಹೀಗಿರುವಾಗ ಲಾಭವೇನು?
– ಓದುಗರೊಬ್ಬರು, ರಾಯಚೂರು

ಉತ್ತರ: ಬೇಸಿಗೆಯ ಬಿಲ್ಲನ್ನೇ ಮೊದಲು ನೋಡೋಣ. ಗೃಹಜ್ಯೋತಿಯಲ್ಲಿ ಪ್ರತಿ ಮನೆಗೂ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ಒಂದು ಮಿತಿ ಇದೆ. ಅದನ್ನು ಮೀರಿದರೆ ಹೆಚ್ಚಿನ ಯೂನಿಟ್‌ಗಳಿಗೆ ಹಣ ಕಟ್ಟಬೇಕು. 200 ಯೂನಿಟ್ ದಾಟಿದರೆ ಇಡೀ ಬಿಲ್ ನಿಮ್ಮ ಪಾಲಿಗೆ. ಏಪ್ರಿಲ್–ಮೇ ತಿಂಗಳ ರಾಯಚೂರಿನಲ್ಲಿ ಫ್ಯಾನ್ ಆರಿಸಿ ಬದುಕಲಾಗದು.

ಹಳೆಯ ಫ್ಯಾನಿಗೆ ಸುಮಾರು 75 ವಾಟ್ ಬೇಕು, ಬಿಎಲ್‌ಡಿಸಿಗೆ 30ರ ಆಸುಪಾಸು. ದಿನಕ್ಕೆ 15 ತಾಸು ತಿರುಗಿದರೆ ಒಂದು ಫ್ಯಾನಿನಿಂದ ತಿಂಗಳಿಗೆ 20 ಯೂನಿಟ್, ಮೂರರಿಂದ 60 ಯೂನಿಟ್ ಉಳಿಯುತ್ತದೆ. 230 ಯೂನಿಟ್ ಬರುತ್ತಿದ್ದ ಮನೆ 170ಕ್ಕೆ ಇಳಿದರೆ ಪೂರ್ತಿ ಬಿಲ್ ಕಟ್ಟುವ ಹೊರೆಯೇ ತಪ್ಪುತ್ತದೆ. ಯೋಜನೆಯ ಹೊರಗಿರುವವರಿಗೂ ಯೂನಿಟ್‌ಗೆ 6 ರೂಪಾಯಿಯಂತೆ ಹಿಡಿದರೆ ಹೆಚ್ಚುವರಿ ಬೆಲೆ ಸುಮಾರು ಒಂದು ವರ್ಷದಲ್ಲಿ ವಾಪಸಾಗುತ್ತದೆ. ಕರೆಂಟ್ ಹೋದಾಗ ಇನ್ವರ್ಟರ್ ಮೇಲೆ ಈ ಫ್ಯಾನ್ ದುಪ್ಪಟ್ಟಿಗಿಂತ ಹೆಚ್ಚು ಹೊತ್ತು ತಿರುಗುತ್ತದೆ. ಮನೆಯಲ್ಲಿ ಮಕ್ಕಳು, ವಯಸ್ಸಾದವರು ಇದ್ದರೆ ನನ್ನ ಮಟ್ಟಿಗೆ ಇದೊಂದೇ ಕಾರಣ ಸಾಕು.

ವಿದ್ಯುತ್ ಕಡಿಮೆಯಾದರೆ ಗಾಳಿಯೂ ಕಡಿಮೆಯಾದೀತೆಂಬ ಭಯ ಬೇಡ. ಪ್ರತಿ ವಾಟ್‌ಗೆ ಎಷ್ಟು ಗಾಳಿ ಬೀಸುತ್ತದೆ ಎಂಬುದನ್ನು ಅಳೆದೇ ಸ್ಟಾರ್ ಕೊಡುತ್ತಾರೆ. ಇಂಧನ ದಕ್ಷತಾ ಬ್ಯೂರೋ 2006ರಲ್ಲಿ ಆರಂಭಿಸಿದ ಈ ಗುರುತು ಸೀಲಿಂಗ್ ಫ್ಯಾನ್‌ಗಳಿಗೆ ಕಡ್ಡಾಯವಾದದ್ದು 2023ರ ಜನವರಿಯಿಂದ. ಸ್ಟಾರ್ ಎಷ್ಟೇ ಇರಲಿ, ಲೇಬಲ್‌ನಲ್ಲಿರುವ ವಾಟ್ ಮತ್ತು ಗಾಳಿಯ ಪ್ರಮಾಣವನ್ನು ನೀವೇ ಓದಿ.

ಬಿಲ್ ಶೂನ್ಯವಾದರೂ ಆ ವಿದ್ಯುತ್ ಪುಕ್ಕಟೆಯಾಗಿ ಹುಟ್ಟುವುದಿಲ್ಲ. ಆ ಹಣವನ್ನು ಸರ್ಕಾರ ತೆರಿಗೆಯಿಂದ ತುಂಬುತ್ತದೆ. ನಿಮ್ಮ ಊರಿನ ಪಕ್ಕದಲ್ಲೇ ಇರುವ ಶಕ್ತಿನಗರದ ಸ್ಥಾವರ ಕಲ್ಲಿದ್ದಲು ಸುಡುತ್ತದೆ, ಕೃಷ್ಣೆಯ ನೀರನ್ನು ಬಳಸುತ್ತದೆ. ಕೂಲಿಂಗ್ ಟವರ್ ಇರುವ ಹಳೆಯ ಸ್ಥಾವರಗಳಿಗೆ ಕೇಂದ್ರ ಪರಿಸರ ಸಚಿವಾಲಯ 2015ರಲ್ಲಿ ಹಾಕಿದ ಮಿತಿಯೇ ಒಂದು ಯೂನಿಟ್‌ಗೆ ಮೂರೂವರೆ ಲೀಟರ್ ನೀರು. ಆ ಲೆಕ್ಕದಲ್ಲಿ ನಿಮ್ಮ 60 ಯೂನಿಟ್ ಉಳಿತಾಯವೆಂದರೆ ತಿಂಗಳಿಗೆ ಸುಮಾರು 200 ಲೀಟರ್. ನದಿಯ ದಡದಲ್ಲಿದ್ದೂ ಬೇಸಿಗೆಯಲ್ಲಿ ಕೊಡ ಹಿಡಿದು ಕಾಯುವ ಊರುಗಳಿರುವ ಜಿಲ್ಲೆಯಲ್ಲಿ ಇದು ಸಣ್ಣ ಮಾತಲ್ಲ.

ಮೂರನ್ನೂ ಒಟ್ಟಿಗೆ ಕೊಳ್ಳಲು ಆಗದಿದ್ದರೆ ರಾತ್ರಿಯಿಡೀ ತಿರುಗುವ ಕೋಣೆಯಿಂದ ಆರಂಭಿಸಿ. ಬಿಎಲ್‌ಡಿಸಿ ಫ್ಯಾನ್‌ಗೆ ಗೋಡೆಯ ಹಳೆಯ ರೆಗ್ಯುಲೇಟರ್ ಹೊಂದುವುದಿಲ್ಲ. ಅದನ್ನು ತೆಗೆಸಿ ನೇರ ಸ್ವಿಚ್‌ಗೆ ಜೋಡಿಸಲು ಎಲೆಕ್ಟ್ರಿಷಿಯನ್‌ಗೆ ಹೇಳಿ. ಬಿಚ್ಚಿದ ಫ್ಯಾನನ್ನು ಇನ್ನೊಂದು ಕೋಣೆಗೆ ಹಾಕಿಸದೆ ಗುಜರಿಗೆ ಕೊಟ್ಟುಬಿಡಿ.