ಮೊದಲ ಕ್ಲಾಸಿಗೆ ಐದೇ ಪದ ಸಾಕು

ಹನೋಯ್‌ನಲ್ಲಿ ಆರೇಳು ವರ್ಷದ ಮಕ್ಕಳಿಗೆ 40 ನಿಮಿಷದ ಮೊದಲ ಇಂಗ್ಲಿಷ್ ಕ್ಲಾಸು ಹೇಗೆ ಶುರು ಮಾಡಲಿ ಅಂತ ಕೇಳಿದ್ದೀರಿ. ಹಲೋ, ಹೆಸರು, ಮತ್ತೆ ಐದೇ ಪದ. ಹೆಚ್ಚು ಬೇಡ. ಪುಣೆ ಬಿಡುವ ಮುಂಚೆ ತುಳಶಿಬಾಗ್ ಮಾರ್ಕೆಟ್ಟಿನಲ್ಲಿ ಮೆತ್ತನೆ ಚೆಂಡು, ಪ್ಲಾಸ್ಟಿಕ್ ಹಣ್ಣು ತಗೊಳ್ಳಿ. ಹಣ್ಣು ಎತ್ತಿ ಹಿಡಿದು ಮೂರು ಸಲ ನೀವೇ ಹೇಳಿ, ಆಮೇಲೆ ಇಡೀ ಕ್ಲಾಸು ಒಟ್ಟಿಗೆ, ಕೊನೆಗೆ ಚೆಂಡು ಎಸೆಯಿರಿ, ಅದು ಸಿಕ್ಕ ಮಗು ಒಂದೇ ಹೇಳಲಿ. ಮೊದಲೇ ಒಬ್ಬರನ್ನು ಎಬ್ಬಿಸಿದರೆ ನಾಚಿಕೆಗೆ ಬಾಯೇ ಬಿಡಲ್ಲ.

ಅಲ್ಲಿನ ಮಕ್ಕಳು ಪದದ ಕೊನೆಯ ‘ಸ್’ ನುಂಗುತ್ತಾರೆ, ‘ರೈಸ್’ ‘ರೈ’ ಆಗುತ್ತೆ. ವಿಯೆಟ್ನಾಮಿ ಪದಗಳು ಆ ಸದ್ದಿನಲ್ಲಿ ಮುಗಿಯೋದೇ ಇಲ್ಲ, ಅದಕ್ಕೆ. ಗಾಳಿಯಲ್ಲಿ ಬೆರಳಿನಿಂದ ಗೆರೆ ಎಳೆಯುತ್ತಾ ‘ಸ್ಸ್ಸ್’ ಅಂತ ಉದ್ದ ಮಾಡಿ ತೋರಿಸಿ. ನಾವು ಕನ್ನಡದವರು ‘ರೈಸು’ ಅಂತ ಉಕಾರ ಸೇರಿಸಿಬಿಡ್ತೀವಿ. ಮಕ್ಕಳು ಅದನ್ನೂ ಹಾಗೇ ಹಿಡಿದುಕೊಳ್ತಾರೆ, ಹುಷಾರು.